ದೊಗಳೆ ಟೀಶರ್ಟೋ, ದೊಡ್ಡ ಹೂವಿನ ಅಂಗಿಯೋ? ದಾವಣಗೆರೆ ಬಿಸಿಲಿಗೆ ಯಾವುದು ಸರಿ

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನ್ನ ಹೊಲಿಗೆ ಮಿಷನ್ ಮುಂದೆ ನಿಂತು ಹೆಚ್ಚು ಕಡಿಮೆ ಒಂದೇ ಪ್ರಶ್ನೆ ಕೇಳಿದರು. ಮೊದಲು ಬಂದವಳು ನಮ್ಮಣ್ಣನ ಮಗಳು, ಎಂಜಿನಿಯರಿಂಗ್ ಎರಡನೇ ವರ್ಷ. ಕಾಲೇಜ್ ಡೇಗೆ ಅಂತ ಅಪ್ಪನ ಹತ್ತಿರ 1500 ರೂಪಾಯಿ ಗಿಟ್ಟಿಸಿಕೊಂಡು ಬಂದಿದ್ದಳು. "ಅತ್ತೆ, ಓವರ್‌ಸೈಜ್ ಟೀಶರ್ಟ್ ತಗೊಳ್ಳಲಾ, ದೊಡ್ಡ ಹೂವಿನ ಶರ್ಟ್ ತಗೊಳ್ಳಲಾ? ಎರಡೂ ಈಗ ಟ್ರೆಂಡು" ಅಂದಳು. ಎರಡನೆಯವರು ನಮ್ಮ ಬೀದಿಯ ಬ್ಯಾಂಕ್ ನೌಕರರು. ನಲವತ್ತೈದು ದಾಟಿದೆ, ಮುಂದೆ ಸ್ವಲ್ಪ ಹೊಟ್ಟೆ. ಸ್ನೇಹಿತರ ಜೊತೆ ಗೋವಾಕ್ಕೆ ಹೊರಟಿದ್ದರು. "ಹೂವಿನ ಅಂಗಿ ಹಾಕ್ಕೊಂಡ್ರೆ ಜನ ನಗ್ತಾರೇನ್ರಿ ಅಕ್ಕಾರೆ?" ಅನ್ನುವುದು ಅವರ ಚಿಂತೆ. ಮೂರನೆಯವರು ಹೈಸ್ಕೂಲ್ ಟೀಚರ್. ಭಾನುವಾರ ಸೀರೆ ಬೇಡ, ಚೂಡಿದಾರ್ ಬೇಡ, ಸುಮ್ನೆ ಗಾಳಿಯಾಡುವಂಥದ್ದು ಏನಾದರೂ ಬೇಕು. ಆದರೆ ಮಾರ್ಕೆಟ್ಟಿನಲ್ಲಿ ಹುಡುಗರು ಎದುರು ಸಿಕ್ಕರೆ ಮುಜುಗರ ಆಗಬಾರದು.

ಮೂವರಿಗೂ ಒಂದೇ ಉತ್ತರ ಕೊಡೋಕೆ ಆಗಲ್ಲ. ಆದರೆ ಮೂವರಿಗೂ ನಾನು ಕೇಳಿದ್ದು ಅವೇ ಪ್ರಶ್ನೆಗಳನ್ನು. 18 ವರ್ಷದಿಂದ ವಿದ್ಯಾನಗರದಲ್ಲಿ ಹೊಲಿಗೆ, ಆಲ್ಟರೇಷನ್ ಮಾಡ್ತಾ ಇದೀನಿ. ಅಂಗಡಿಯವರು ನೋಡುವುದು ಹೊಸ ಬಟ್ಟೆಯನ್ನು. ನನ್ನ ಹತ್ತಿರ ಬರುವುದು ಒಗೆದ ಮೇಲೆ ಕುಗ್ಗಿದ್ದು, ಕುತ್ತಿಗೆ ಜೋತುಬಿದ್ದದ್ದು, ಪ್ರಿಂಟ್ ಕಿತ್ತುಬಂದದ್ದು. ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲು ಬಟ್ಟೆ, ಆಮೇಲೆ ಸ್ಟೈಲ್.

ಮೊದಲು ಕೇಳಿಕೊಳ್ಳಬೇಕಾದ್ದು

ಬಿಸಿಲಿನಿಂದಲೇ ಶುರು ಮಾಡೋಣ. ಏಪ್ರಿಲ್ ಬಂದರೆ ನಮ್ಮೂರಲ್ಲಿ ಮಧ್ಯಾಹ್ನ 38 ಡಿಗ್ರಿ ದಾಟುವುದುಂಟು. ಟೀಶರ್ಟ್ ಬಟ್ಟೆ ಎಷ್ಟು ದಪ್ಪ ಅಂತ ಹೇಳುವುದಕ್ಕೆ ಜಿಎಸ್ಎಂ ಅಂತ ಒಂದು ಅಳತೆ ಇದೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಮಾಮೂಲಿ ಟೀಶರ್ಟ್ 160ರಿಂದ 180 ಇರುತ್ತದೆ. ಓವರ್‌ಸೈಜ್‌ನಲ್ಲಿ "ಪ್ರೀಮಿಯಂ" ಅಂತ ಮಾರುವುದು 220, 240. ದಪ್ಪ ಬಟ್ಟೆ ಮೈಗೆ ಅಂಟದೆ ಡಬ್ಬದ ಹಾಗೆ ನಿಲ್ಲುತ್ತದೆ, ಫೋಟೋದಲ್ಲಿ ಚೆಂದ ಕಾಣುತ್ತದೆ. ಅದನ್ನು ಹಾಕಿಕೊಂಡು ಮಧ್ಯಾಹ್ನ ಎರಡು ಗಂಟೆಗೆ ಜಯದೇವ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯ್ದು ನೋಡಿ. ಬೆಂಗಳೂರಿನ ಸಂಜೆಗೆ ಸರಿಹೋಗುವ ಬಟ್ಟೆ ಇಲ್ಲಿ ಬೆವರಿನ ಚೀಲ.

ಎರಡನೆಯದು ಒಗೆತ. ಯಾರು ಒಗೀತಾರೆ, ಎಲ್ಲಿ, ಯಾವ ನೀರಲ್ಲಿ? ಬಟ್ಟೆ ಕೊಳ್ಳುವಾಗ ಇದನ್ನು ಯಾರೂ ಕೇಳಿಕೊಳ್ಳಲ್ಲ. ಬೋರ್‌ವೆಲ್ ನೀರು ಗಡಸು, ಸೋಪು ನೊರೆ ಕಟ್ಟುವುದಿಲ್ಲ, ಕಪ್ಪು ಬಟ್ಟೆಯ ಮೇಲೆ ಬೆಳ್ಳಗೆ ಪುಡಿ ಪುಡಿ ಉಳಿಯುತ್ತದೆ. ಒಗೆಯುವ ಕಲ್ಲಿಗೆ ಬಡಿಯುವ ಮನೆಯಾದರೆ ಕೆಲವು ಬಟ್ಟೆ ತರಲೇಬಾರದು. ಅದನ್ನು ಮುಂದೆ ಹೇಳ್ತೀನಿ.

ಆಮೇಲೆ ಮೈಕಟ್ಟು, ಅದನ್ನು ಹಾಕಿಕೊಂಡು ಹೋಗುವ ಜಾಗ, ದುಡ್ಡು. ದುಡ್ಡಿನದು ಸುಲಭದ ಲೆಕ್ಕ. 1200ರ ಅಂಗಿಯನ್ನು ವರ್ಷಕ್ಕೆ ಮೂರು ಸಲ ಹಾಕಿದರೆ ಒಂದೊಂದು ಸಲಕ್ಕೆ 400 ಬಿತ್ತು. 450ರ ಟೀಶರ್ಟನ್ನು ವಾರಕ್ಕೊಂದು ಸಲ ಹಾಕಿದರೆ ಒಂದು ಸಲಕ್ಕೆ ಹತ್ತು ರೂಪಾಯಿಯೂ ಬೀಳುವುದಿಲ್ಲ.

ಸಾದಾ ಓವರ್‌ಸೈಜ್ ಟೀಶರ್ಟ್

ಎಲ್ಲರೂ ಎಡವುವುದು ಇಲ್ಲೇ. ಮಾಮೂಲಿ ಟೀಶರ್ಟನ್ನೇ ಎರಡು ಸೈಜ್ ದೊಡ್ಡದು ತಗೊಂಡರೆ ಓವರ್‌ಸೈಜ್ ಆಯ್ತು ಅಂದುಕೊಳ್ತಾರೆ. ಆಗಲ್ಲ. ಕುತ್ತಿಗೆ ಅಗಲವಾಗಿ ಒಂದು ಭುಜಕ್ಕೆ ಜಾರುತ್ತದೆ, ಉದ್ದ ತೊಡೆಗೆ ಬರುತ್ತದೆ, ಅಪ್ಪನ ಅಂಗಿ ಹಾಕಿಕೊಂಡ ಹಾಗೆ ಕಾಣುತ್ತದೆ. ನಿಜವಾದ ಓವರ್‌ಸೈಜ್ ಕತ್ತರಿಸುವ ಕ್ರಮವೇ ಬೇರೆ. ಭುಜದ ಹೊಲಿಗೆ ತೋಳಿನ ಮೇಲೆ ಎರಡು ಇಂಚು ಕೆಳಗೆ ಇಳಿದಿರುತ್ತದೆ, ತೋಳು ಅಗಲವಾಗಿ ಮೊಣಕೈ ಹತ್ತಿರ ಬರುತ್ತದೆ, ಆದರೆ ಕುತ್ತಿಗೆ ಮಾತ್ರ ಮೈಗೆ ಸರಿಯಾಗಿ ಕೂತಿರುತ್ತದೆ. ಉದ್ದ ಅಂತೂ ಜಾಸ್ತಿ ಇರುವುದೇ ಇಲ್ಲ.

ಅಂಗಡಿಯಲ್ಲಿ ಹೀಗೆ ಮಾಡಿ. ಟೀಶರ್ಟನ್ನು ಟೇಬಲ್ ಮೇಲೆ ಹರವಿ ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಟೇಪ್ ಹಿಡಿಯಿರಿ. ನಿಮ್ಮ ಎದೆ ಸುತ್ತಳತೆ 38 ಇಂಚು ಅಂದುಕೊಳ್ಳಿ. 20 ಇಂಚು ಬಂದರೆ ಅದು ಮಾಮೂಲಿ ಫಿಟ್. 23, 24 ಬಂದರೆ ಓವರ್‌ಸೈಜ್. 26 ಬಂದರೆ ಬಿಡಿ, ಅದರಲ್ಲಿ ಇಬ್ಬರು ಹೋಗಬಹುದು. ಮೇಲೆ ಬರೆದ ಎಂ, ಎಲ್ ಅಕ್ಷರ ನಂಬಬೇಡಿ, ಕಂಪನಿಗೊಂದು ಅಳತೆ.

ಕುತ್ತಿಗೆ ಪಟ್ಟಿ ನೋಡುವುದನ್ನೂ ಮರೆಯಬೇಡಿ. ರಿಬ್ ಅಂತಾರೆ ಅದಕ್ಕೆ. ಎರಡು ಬೆರಳು ಹಾಕಿ ಎಳೆದು ಬಿಟ್ಟರೆ ಪಟ್ಟಂತ ಮುಂಚಿನ ಜಾಗಕ್ಕೆ ಬರಬೇಕು. ಸೋಮಾರಿಯ ಹಾಗೆ ನಿಧಾನಕ್ಕೆ ಬಂದರೆ ನಾಲ್ಕು ಒಗೆತಕ್ಕೆ ಅದು ಬೇಸಿನ್ ಬಾಯಿ ಆಗುತ್ತದೆ. ನನ್ನ ಹತ್ತಿರ ಬರುವ ಓವರ್‌ಸೈಜ್‌ಗಳಲ್ಲಿ ಅರ್ಧಕ್ಕರ್ಧ ಇದೇ ರಿಪೇರಿ.

ನಮ್ಮ ಊರಿಗೆ ನನ್ನ ಆಯ್ಕೆ 180 ಜಿಎಸ್ಎಂ. ಒಂದು ಬದಿ ಬೆಳಕಿಗೆ ಹಿಡಿದರೆ ಒಳಗಿನ ಕೈ ಕಾಣಬಾರದು, ಮುದುರಿದರೆ ಕಂಬಳಿ ಹಾಗೂ ಇರಬಾರದು. ಮಂಡಿಪೇಟೆ ಸುತ್ತಮುತ್ತ ನಾನು ನೋಡಿದ ಹಾಗೆ ಇಂಥದ್ದು ಸುಮಾರು 350ರಿಂದ 600ಕ್ಕೆ ಸಿಗುತ್ತದೆ. 240ರ ದಪ್ಪದ್ದು 700ರ ಮೇಲೆ. ಅದು ಬೇಕೇ ಬೇಕು ಅನ್ನುವವರು ಡಿಸೆಂಬರ್‌ಗೆ ತಗೊಳ್ಳಿ, ಇಲ್ಲಾ ಚಿತ್ರದುರ್ಗದವರು ತಗೊಳ್ಳಿ. ಇಲ್ಲಿಂದ 60 ಕಿಲೋಮೀಟರ್ ಅಷ್ಟೇ, ಆದರೆ ಕೋಟೆ ಮೇಲೆ ನಿಂತರೆ ಗಾಳಿ ತೆಳು ಟೀಶರ್ಟನ್ನು ಬಾವುಟ ಮಾಡುತ್ತದೆ. ಅಲ್ಲಿ ದಪ್ಪ ಬಟ್ಟೆಗೆ ಅರ್ಥ ಇದೆ.

ಹೊಂದಿಸುವುದು ಹೇಗೆ ಅಂದರೆ, ಮೇಲೆ ದೊಗಳೆ ಇದ್ದಾಗ ಕೆಳಗೆ ನೇರ ಕಾಲಿನ ಜೀನ್ಸ್ ಅಥವಾ ಕಾಟನ್ ಪ್ಯಾಂಟ್. ಮುಂದೆ ಒಂದು ಮೂಲೆ ಮಾತ್ರ ಸೊಂಟಕ್ಕೆ ಸಿಕ್ಕಿಸಿದರೆ ಸೊಂಟ ಎಲ್ಲಿದೆ ಅಂತ ಗೊತ್ತಾಗುತ್ತದೆ, ಗಿಡ್ಡ ಇರುವವರಿಗೆ ಇದು ಬಹಳ ಸಹಾಯ. ಮೇಲೂ ದೊಗಳೆ, ಕೆಳಗೂ ದೊಗಳೆ ಕಾರ್ಗೋ ಪ್ಯಾಂಟ್ ಅಂದರೆ ಎತ್ತರ ಇದ್ದವರಿಗೆ ಒಪ್ಪುತ್ತದೆ, ಐದು ಅಡಿ ಎರಡು ಇಂಚಿನವರಿಗೆ ಒಪ್ಪಲ್ಲ. ಪಂಚೆ ಮೇಲೆ ಬಿಳಿ ಓವರ್‌ಸೈಜ್ ಟೀಶರ್ಟ್ ಹಾಕಿ ದುರ್ಗಾಂಬಿಕಾ ಜಾತ್ರೆಗೆ ಬಂದ ಒಬ್ಬ ಹುಡುಗನನ್ನು ನೋಡಿದ್ದೆ. ತಮಾಷೆಗಲ್ಲ, ನಿಜವಾಗಲೂ ಚೆನ್ನಾಗಿ ಕಾಣ್ತಿದ್ದ.

ಬಿಳಿ ಟೀಶರ್ಟ್ ತಗೊಳ್ಳುವ ದಾವಣಗೆರೆಯವರಿಗೆ ಒಂದೇ ಒಂದು ಎಚ್ಚರಿಕೆ: ಬೆಣ್ಣೆ ದೋಸೆ. ಅಗಲ ತೋಳು ಮೊದಲು ಹೋಗಿ ಮುಟ್ಟುವುದೇ ತಟ್ಟೆಯನ್ನು. ಜಿಡ್ಡಿನ ಕಲೆಗೆ ತಕ್ಷಣ ನೀರು ಹಾಕಿ ಉಜ್ಜಬೇಡಿ. ಮುಖಕ್ಕೆ ಹಚ್ಚುವ ಒಣ ಪೌಡರ್ ಉದುರಿಸಿ ಜಿಡ್ಡು ಹೀರಲು ಬಿಡಿ, ಮನೆಗೆ ಬಂದು ಪೌಡರ್ ಕೊಡವಿ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಚ್ಚಿ, ಆಮೇಲೆ ಒಗೆಯಿರಿ.

ಪ್ರಿಂಟ್ ಇರುವ ಓವರ್‌ಸೈಜ್

ಎದೆ ಮೇಲೆ ಪುಟ್ಟದು, ಬೆನ್ನ ಮೇಲೆ ದೊಡ್ಡ ಹೂಗುಚ್ಛ. ಈಗ ಎಲ್ಲೆಲ್ಲೂ ಇದೇ. ನಾನೂ ಒಂದು ಆನ್‌ಲೈನಿನಲ್ಲಿ ತರಿಸಿದ್ದೆ, ಕಪ್ಪು ಬಟ್ಟೆ, ಬೆನ್ನ ತುಂಬ ಕೆಂಪು ದಾಸವಾಳ. 799 ಕೊಟ್ಟೆ. ಮೂರನೇ ಒಗೆತಕ್ಕೆ ದಾಸವಾಳದ ಎಸಳು ಒಂದೊಂದೇ ಸಿಪ್ಪೆ ಏಳತೊಡಗಿತು. ವಾಪಸ್ ಕೊಡುವ ದಿನ ದಾಟಿತ್ತು. ಈಗ ಅದು ಮನೆ ಒರೆಸುವ ಬಟ್ಟೆ.

ತಪ್ಪು ನನ್ನದೂ ಇತ್ತು, ಯಾವ ಪ್ರಿಂಟ್ ಅಂತ ನೋಡಿರಲಿಲ್ಲ. ಡಿಟಿಎಫ್ ಅನ್ನುವುದು ಪ್ಲಾಸ್ಟಿಕ್ ಹಾಳೆ ಮೇಲೆ ಚಿತ್ರ ಅಚ್ಚು ಮಾಡಿ, ಬಿಸಿ ಒತ್ತಿ ಬಟ್ಟೆಗೆ ಅಂಟಿಸುವುದು. ಬಣ್ಣ ಝಗಮಗ, ಒಂದೇ ಒಂದು ಪೀಸ್ ಬೇಕಾದರೂ ಮಾಡಿಕೊಡ್ತಾರೆ. ಆದರೆ ಕೈಯಾಡಿಸಿದರೆ ರಬ್ಬರ್ ಪದರ ಗೊತ್ತಾಗುತ್ತದೆ, ಅದರೊಳಗೆ ಗಾಳಿ ಆಡುವುದಿಲ್ಲ. ಬೆನ್ನ ತುಂಬ ಅಂಥದ್ದಿದ್ದರೆ ಏಪ್ರಿಲ್‌ನಲ್ಲಿ ಬೆನ್ನಿಗೆ ಪೋಸ್ಟರ್ ಅಂಟಿಸಿಕೊಂಡ ಹಾಗೆ. ಸ್ಕ್ರೀನ್ ಪ್ರಿಂಟ್‌ನಲ್ಲಿ ಜಾಲರಿ ಮೂಲಕ ಬಣ್ಣ ಬಟ್ಟೆಗೆ ಇಳಿಸ್ತಾರೆ. ಚೆನ್ನಾಗಿ ಮಾಡಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ಉಬ್ಬಿದ ಪಫ್ ಪ್ರಿಂಟ್ ಮುಟ್ಟೋಕೆ ಮಜಾ, ಇಸ್ತ್ರಿ ತಾಗಿದರೆ ಮುಗೀತು. ಕಸೂತಿ ಮಾಡಿದ ಹೂವು ಎಲ್ಲಕ್ಕಿಂತ ಗಟ್ಟಿ, ಆದರೆ ಒಳಗಡೆ ಹಾಕುವ ಕಾಗದದಂಥ ಪದರ ಚುಚ್ಚುತ್ತದೆ. ಅಂಗಡಿಯಲ್ಲೇ ಒಳಗೆ ಕೈ ಹಾಕಿ ನೋಡಿ.

ಪರೀಕ್ಷೆ ಸುಲಭ. ಪ್ರಿಂಟ್ ಇರುವ ಕಡೆ ಎರಡು ಹೆಬ್ಬೆರಳಿಟ್ಟು ಮೆತ್ತಗೆ ಎಳೆಯಿರಿ. ಬಿರುಕು ಕಂಡು ಹಿಂದಿನ ಬಟ್ಟೆ ಇಣುಕಿದರೆ ಕೆಳಗಿಡಿ. ಕಲ್ಲಿಗೆ ಬಡಿಯುವ ಮನೆಯವರು ಡಿಟಿಎಫ್, ಪಫ್ ಎರಡನ್ನೂ ಮರೆತುಬಿಡುವುದು ವಾಸಿ. ತಂದಿದ್ದರೆ ಒಳಮೈ ಹೊರಗೆ ಮಾಡಿ ಕೈಯಲ್ಲಿ ಒಗೆದು, ಇಸ್ತ್ರಿಯನ್ನೂ ಒಳಗಿನಿಂದಲೇ ಮಾಡಿ.

ಮೈಯೆಲ್ಲ ಹೂವಿರುವ ಟೀಶರ್ಟ್ ಬಗ್ಗೆ ಹೆಚ್ಚು ಬರೆಯಲ್ಲ. 250, 300ಕ್ಕೆ ಸಿಗುವ ಅಂಥವು ಬಹುಪಾಲು ಪಾಲಿಯೆಸ್ಟರ್. ಸಬ್ಲಿಮೇಷನ್ ಅನ್ನುವ ಆ ಪ್ರಿಂಟ್ ಕಾಟನ್ ಮೇಲೆ ನಿಲ್ಲುವುದೇ ಇಲ್ಲ, ಅದಕ್ಕೆ ಪಾಲಿಯೆಸ್ಟರ್ ಬೇಕು. ಒಳಮೈ ಪೂರ್ತಿ ಬೆಳ್ಳಗಿದ್ದು ಬಟ್ಟೆ ಕೈಯಿಂದ ಜಾರುತ್ತಿದ್ದರೆ ಅದೇ ಅಂತ ಅನುಮಾನ ಪಡಿ. ಬಣ್ಣ ಹೋಗಲ್ಲ, ಬೇಗ ಒಣಗುತ್ತದೆ, ಬೆವರು ಮಾತ್ರ ಹೀರಲ್ಲ. ಒಂದು ದಿನದ ಡ್ಯಾನ್ಸಿಗೆ ಸಾಕು.

ಹೂವಿನ ಶರ್ಟ್

ದೊಡ್ಡ ಹೂವಿನ ಬಟ್ಟೆ ಪರದೇಶದ ಫ್ಯಾಷನ್ ಅಂತ ಮೂಗು ಮುರಿಯುವವರಿಗೆ ಒಂದು ಮಾತು. ನಮ್ಮಜ್ಜಿ ಇದನ್ನು "ಚೀಟಿ ಬಟ್ಟೆ" ಅನ್ನುತ್ತಿದ್ದರು. ನಮ್ಮ ದೇಶದ, ಅದರಲ್ಲೂ ಆಂಧ್ರದ ಮಚಲೀಪಟ್ಟಣದ ಕಡೆಯ ಕರಾವಳಿಯ ಹೂವಿನ ಹತ್ತಿಬಟ್ಟೆಗೆ ಒಂದು ಕಾಲದಲ್ಲಿ ಯುರೋಪೇ ಮರುಳಾಗಿತ್ತು. ಎಷ್ಟು ಅಂದರೆ ತಮ್ಮ ನೇಕಾರರು ಹಾಳಾಗ್ತಾರೆ ಅಂತ ಫ್ರಾನ್ಸ್ 1686ರಲ್ಲಿ ಇದನ್ನು ನಿಷೇಧಿಸಿತು. ಇಂಗ್ಲೆಂಡ್ 1721ರಲ್ಲಿ ಅಚ್ಚಿನ ಹತ್ತಿಬಟ್ಟೆ ತೊಡುವುದನ್ನೇ ಬಹುಮಟ್ಟಿಗೆ ನಿಲ್ಲಿಸಿತು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡಿದ್ದ ಹತ್ತಿ ಗಿರಣಿಗಳ ಊರಿನವರು ನಾವು ಹೂವಿನ ಅಂಗಿಗೆ ನಾಚುವುದಾ?

ಅಂಗಡಿಯಲ್ಲಿ ಈಗ ಸಿಗುವ ಹೂವಿನ ಶರ್ಟ್‌ಗಳಲ್ಲಿ ರೇಯಾನ್ ಜಾಸ್ತಿ. ಮರದ ತಿರುಳಿನಿಂದ ಮಾಡುವ ನೂಲು ಅದು. ಮೈಮೇಲೆ ನೀರಿನ ಹಾಗೆ ಬೀಳುತ್ತದೆ, ತಂಪು, ಬೆವರು ಹೀರುತ್ತದೆ. ಕಾಲರ್ ಅಗಲವಾಗಿ ಬಿಚ್ಚಿಕೊಂಡಿರುವ ಅಂಗಿಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. 500ರಿಂದ 900ರೊಳಗೆ ಬರುತ್ತದೆ. ಆದರೆ ಒದ್ದೆಯಾದಾಗ ರೇಯಾನ್ ಬಲ ಕಳೆದುಕೊಳ್ಳುತ್ತದೆ. ಕಲ್ಲಿಗೆ ಬಡಿದರೆ, ಗಟ್ಟಿಯಾಗಿ ಹಿಂಡಿದರೆ ಹೊಲಿಗೆ ಪಕ್ಕದಲ್ಲೇ ಹರಿಯುತ್ತದೆ. ಮೊದಲ ಒಗೆತಕ್ಕೆ ಕುಗ್ಗುವುದೂ ಉಂಟು, ಸ್ವಲ್ಪ ಸಡಿಲದ್ದೇ ತಗೊಳ್ಳಿ. ಕಾಟನ್ ಆದರೆ ಬಡಿತ ತಡೆಯುತ್ತದೆ, ಆದರೆ ಇಸ್ತ್ರಿ ಬೇಕೇ ಬೇಕು. ಒಟ್ಟಿನಲ್ಲಿ ಕೈಯಲ್ಲಿ ನಾಜೂಕಾಗಿ ಒಗೆಯುವವರಿಗೆ ರೇಯಾನ್, ಮಿಕ್ಕವರಿಗೆ ಕಾಟನ್.

ಹೂವಿನ ಅಳತೆ ವಿಷಯದಲ್ಲಿ ಜನ ಉಲ್ಟಾ ಯೋಚಿಸ್ತಾರೆ. ದಪ್ಪ ಇರುವವರು ಚಿಕ್ಕ ಹೂವು ಹುಡುಕುತ್ತಾರೆ. ದೊಡ್ಡ ಮೈ ಮೇಲೆ ಪುಟ್ಟ ಪುಟ್ಟ ಹೂವು ಚೆಲ್ಲಿದರೆ ಮೈ ಇನ್ನೂ ವಿಶಾಲವಾಗಿ ಕಾಣುತ್ತದೆ. ಅಂಗೈಯಷ್ಟು ಹೂವು, ನೆಲ ಕಡು ನೀಲಿ ಅಥವಾ ಕಡು ಹಸಿರು ಇದ್ದರೆ ಕಣ್ಣು ಹೂವಿನ ಮೇಲೆ ನಿಲ್ಲುತ್ತದೆ, ಹೊಟ್ಟೆ ಮೇಲಲ್ಲ. ಸಣಕಲು ಮೈಯವರಿಗೆ ಬಾಳೆಎಲೆಯಷ್ಟು ಹೂವು ಹಾಕಿದರೆ ಅಂಗಿ ಮಾತ್ರ ನಡೆದುಬಂದ ಹಾಗಿರುತ್ತದೆ. ಅವರಿಗೆ ರೂಪಾಯಿ ನಾಣ್ಯದಿಂದ ನಿಂಬೆಹಣ್ಣಿನವರೆಗಿನ ಗಾತ್ರ ಸಾಕು.

ಮೈಮೇಲೆ ಹೂವು ಒಂದೇ ಕಡೆ ಇರಲಿ. ಹೂವಿನ ಶರ್ಟ್ ಅಂದಮೇಲೆ ಪ್ಯಾಂಟ್ ಸಾದಾ. ಆ ಪ್ಯಾಂಟಿನ ಬಣ್ಣ ಹೂವಿನೊಳಗಿನ ಯಾವುದಾದರೂ ಒಂದು ಬಣ್ಣ ಆಗಿದ್ದರೆ ಇನ್ನೂ ಒಳ್ಳೆಯದು. ಒಮ್ಮೆಲೇ ಧೈರ್ಯ ಬರದವರು ಸಾದಾ ಟೀಶರ್ಟ್ ಮೇಲೆ ಹೂವಿನ ಶರ್ಟನ್ನು ಗುಂಡಿ ಹಾಕದೆ ಕೋಟಿನ ಹಾಗೆ ಹಾಕಿಕೊಳ್ಳಿ. ಎರಡು ಟ್ರೆಂಡೂ ಒಟ್ಟಿಗೆ ಆಯ್ತು. ಎರಡು ಪದರದ ಶೆಕೆಯೂ ಆಯ್ತು ಅನ್ನಿ, ಹಾಗಾಗಿ ಇದು ಮಳೆಗಾಲ, ಚಳಿಗಾಲದ ಉಪಾಯ.

ಬಟ್ಟೆ ತಂದು ಹೊಲಿಸುವುದು

ನನ್ನ ಹೊಟ್ಟೆಪಾಡಿನ ವಿಷಯ, ಪಕ್ಷಪಾತ ಇದ್ದೇ ಇರುತ್ತದೆ, ಕ್ಷಮಿಸಿ. ಬ್ಯಾಂಕಿನವರಿಗೆ ನಾನು ಹೇಳಿದ್ದು ಇದನ್ನೇ. ರೆಡಿಮೇಡ್‌ನಲ್ಲಿ ಹೊಟ್ಟೆಗೆ ಸರಿಹೋದರೆ ಭುಜ ಜಾರುತ್ತದೆ, ಭುಜಕ್ಕೆ ಸರಿಹೋದರೆ ಕೆಳಗಿನ ಎರಡು ಗುಂಡಿ ಬಾಯಿ ಬಿಡುತ್ತವೆ. ಹೊಲಿಸಿದರೆ ಎರಡೂ ಸರಿಹೋಗುತ್ತವೆ.

ಬಟ್ಟೆಯ ಪನ್ನ, ಅಂದರೆ ಅಗಲ, 44 ಇಂಚು ಇದ್ದರೆ ಅರ್ಧ ತೋಳಿನ ಸಡಿಲ ಅಂಗಿಗೆ ಎರಡೂಕಾಲು ಮೀಟರ್ ಬೇಕು. ದೊಡ್ಡ ಹೂವಾದರೆ ಕಾಲು ಮೀಟರ್ ಜಾಸ್ತಿ ತನ್ನಿ. ಯಾಕೆ ಅಂದರೆ ಮುಂದಿನ ಎರಡು ಭಾಗ ಗುಂಡಿ ಹಾಕಿದಾಗ ಹೂವಿಗೆ ಹೂವು ಕೂಡಬೇಕು. ಕೂಡದಿದ್ದರೆ ಅರ್ಧ ಹೂವು ಎಡಕ್ಕೆ, ಅರ್ಧ ಎಲೆ ಬಲಕ್ಕೆ, ನೋಡುವವರ ಕಣ್ಣು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅವರು ತಂದ ಬಟ್ಟೆಯಲ್ಲಿ ಕಡು ಹಸಿರಿನ ಮೇಲೆ ಸೇವಂತಿಗೆಯಂಥ ಹಳದಿ ಹೂವು. ಕತ್ತರಿ ಹಾಕುವ ಮುಂಚೆ ಸೀಮೆಸುಣ್ಣ ಹಿಡಿದು ಬಟ್ಟೆಯನ್ನು ಅರ್ಧ ಗಂಟೆ ಆ ಕಡೆ ಈ ಕಡೆ ಸರಿಸಿದೆ. ದೊಡ್ಡ ಹೂವು ಸರಿಯಾಗಿ ಹೊಟ್ಟೆಯ ನಡುವೆ ಬರುತ್ತಿತ್ತು. ಅದನ್ನು ನಾಲ್ಕು ಇಂಚು ಮೇಲೆ, ಎದೆಯ ಎಡಭಾಗಕ್ಕೆ ತಂದೆ, ಹೊಟ್ಟೆ ಮೇಲೆ ಬರೀ ಎಲೆ. ಜೇಬನ್ನೂ ಅದೇ ಹೂವಿನ ಮೇಲೆ ಗೊತ್ತಾಗದ ಹಾಗೆ ಕೂರಿಸಿದೆ. ಕೆಳ ಅಂಚು ನೇರ ಇಟ್ಟೆ, ಸಿಕ್ಕಿಸದೆ ಹಾಕುವ ಅಂಗಿಗೆ ಬಾಗಿದ ಅಂಚು ಬೇಡ.

ಖರ್ಚು: ಮೀಟರಿಗೆ 140ರ ಹಾಗೆ ಎರಡೂವರೆ ಮೀಟರ್ ಬಟ್ಟೆ 350, ಹೊಲಿಗೆ, ಗುಂಡಿ ಸೇರಿ 380. ಒಟ್ಟು 730. ರೆಡಿಮೇಡ್‌ಗಿಂತ ಅಗ್ಗ ಏನಲ್ಲ. ಒಂದು ವಾರ ಕಾಯಬೇಕು, ಮದುವೆ ಸೀಸನ್ ಆದರೆ ಎರಡು ವಾರ. ಅವಸರ ಇರುವವರಿಗೆ, ಮಾಮೂಲಿ ಮೈಕಟ್ಟಿನವರಿಗೆ ಇದು ಬೇಕಿಲ್ಲ. ಹತ್ತಿ ಬಟ್ಟೆ ತಂದರೆ ಹೊಲಿಗೆಗೆ ಕೊಡುವ ಮುಂಚೆ ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಡಿ. ಕುಗ್ಗುವುದೆಲ್ಲ ಆಗಲೇ ಕುಗ್ಗಲಿ.

ಟೀಚರ್‌ಗೆ ಹೂವಿನ ಶರ್ಟ್ ಬೇಡ ಅಂದೆ. ಅವರಿಗೆ ಬೇಕಿದ್ದದ್ದು ಎಲ್ಲರೂ ತಿರುಗಿ ನೋಡುವಂಥದ್ದಲ್ಲ. 180 ಜಿಎಸ್ಎಂನ ಸಾದಾ ಓವರ್‌ಸೈಜ್, ಕಡು ಬಣ್ಣದ್ದು, ತೋಳು ಮೊಣಕೈವರೆಗೆ ಬರುವಂಥದ್ದು, ಕೆಳಗೆ ನೇರ ಕಾಟನ್ ಪ್ಯಾಂಟ್. ಲೆಗ್ಗಿಂಗ್ ಮೇಲೆ ಹಾಕಬೇಡಿ ಅಂತಲೂ ಹೇಳಿದೆ. ಓವರ್‌ಸೈಜ್ ಅಗಲ ಇರುತ್ತದೆ, ಕುರ್ತಾದಷ್ಟು ಉದ್ದ ಇರುವುದಿಲ್ಲ, ಬಗ್ಗಿ ತರಕಾರಿ ಆರಿಸುವಾಗ ಕಷ್ಟ. ಎರಡು ತಗೊಂಡರು, ಒಟ್ಟು 900 ಆಯಿತಂತೆ. ಮನೆಯಲ್ಲೂ ಅದೇ, ಮಾರ್ಕೆಟ್ಟಿಗೂ ಅದೇ.

ಅಣ್ಣನ ಮಗಳದ್ದು ಮಾತ್ರ ಬಗೆಹರಿಯಲಿಲ್ಲ. ಅವಳಿಗೆ ದೊಗಳೆಯೂ ಬೇಕು, ಹೂವೂ ಬೇಕು, 1500ರಲ್ಲಿ ಸ್ವಲ್ಪ ದುಡ್ಡೂ ಉಳಿಯಬೇಕು. ಕೊನೆಗೆ ಅತ್ತಿಗೆಯ ಬೀರು ತೆಗೆಸಿದೆ. ಕೆಳಗಿನ ಅರೆಯಲ್ಲಿ ಒಂದು ಹಳೆಯ ಕಾಟನ್ ಸೀರೆ ಇತ್ತು, ಬಿಳಿ ನೆಲದ ಮೇಲೆ ದೊಡ್ಡ ದೊಡ್ಡ ಕನಕಾಂಬರ ಬಣ್ಣದ ಹೂವು. ಸೆರಗಿನ ಹತ್ತಿರ ಹರಿದಿತ್ತು ಅಂತ ಉಡುವುದು ಬಿಟ್ಟಿದ್ದರು. ಹಳೆಯ ಸೀರೆಯಲ್ಲಿ ಒಂದು ಲಾಭ ಇದೆ: ನೂರು ಸಲ ಒಗೆದಿರುತ್ತಾರೆ, ಇನ್ನು ಕುಗ್ಗುವುದಿಲ್ಲ, ಬಣ್ಣ ಬಿಡುವುದಿಲ್ಲ. ಮೂರೂವರೆ ಮೀಟರ್ ತೆಗೆದು ಪಾದದ ಗಂಟಿನವರೆಗೆ ಬರುವ ಉದ್ದ ಸ್ಕರ್ಟ್ ಹೊಲಿದೆ, ಸೊಂಟಕ್ಕೆ ಎಲಾಸ್ಟಿಕ್, ಪಕ್ಕದಲ್ಲಿ ಮೊಬೈಲ್ ಹಿಡಿಯುವಷ್ಟು ಜೇಬು. ಒಳಗೆ 150 ರೂಪಾಯಿಯ ಲೈನಿಂಗ್. ಮೇಲೆ 450ರ ಕಪ್ಪು ಓವರ್‌ಸೈಜ್ ಟೀಶರ್ಟ್, ಮುಂದೆ ಗಂಟು ಹಾಕಿ. ಬೇರೆಯವರಿಗಾದರೆ ಸ್ಕರ್ಟಿಗೆ 300 ಹೊಲಿಗೆ ತಗೊಳ್ತೀನಿ, ಅದನ್ನೂ ಸೇರಿಸಿದರೆ 900. ಇದರಲ್ಲಿ ತೊಂದರೆ ಏನಿಲ್ಲ ಅಂತಲ್ಲ. ಅಷ್ಟು ಸುತ್ತಿನ ಸ್ಕರ್ಟ್ ಹಾಕಿಕೊಂಡು ಸ್ಕೂಟಿ ಹಿಂದೆ ಕೂರುವಾಗ ಅಂಚು ಚಕ್ರಕ್ಕೆ ಸಿಗದ ಹಾಗೆ ಎತ್ತಿ ಹಿಡಿಯಬೇಕು. ಅದನ್ನು ಅವಳಿಗೆ ಮೂರು ಸಲ ಹೇಳಿ ಕಳಿಸಿದೆ.

ಸೀರೆಯಲ್ಲಿ ಇನ್ನೂ ಬಟ್ಟೆ ಉಳಿದಿತ್ತು. ಅವಳ ತಮ್ಮನ ಸಾದಾ ಬೂದು ಟೀಶರ್ಟಿನ ಎದೆಗೆ ಒಂದೇ ಹೂವು ಬರುವ ಹಾಗೆ ಕತ್ತರಿಸಿ ಜೇಬು ಹಚ್ಚಿಕೊಟ್ಟೆ. ಹತ್ತು ನಿಮಿಷದ ಕೆಲಸ, ಬೇರೆಯವರಿಗೆ 40 ರೂಪಾಯಿ. ಹುಡುಗ ಹೂವು ಗೀವು ಬೇಡ ಅಂತ ಮುಖ ಸಿಂಡರಿಸಿದ್ದ. ಮೊನ್ನೆ ಇನ್ನೊಂದು ಟೀಶರ್ಟ್ ಹಿಡಿದುಕೊಂಡು ಬಂದು, "ಅತ್ತೆ, ಆ ಸೀರೆ ಇನ್ನೂ ಐತಾ?" ಅಂದ.